ಬಿಳಿ ಗೋಡೆ

17 ನವೆಂಬರ್ 2024, ಭಾನುವಾರ

ದೊಡ್ಡಪ್ಪ ದಾರಿ ಮಧ್ಯೆ ಆಟೋ ನಿಲ್ಲಿಸಿ ಇಳಿದೇ ಬಿಟ್ಟರು. ನಾನು ಹಿಂದೆ ಓಡುವಷ್ಟರಲ್ಲಿ ಗೋಡೆ ಮುಂದೆ ನಿಂತಿದ್ದರು. ಗೋಡೆ ಪೂರ್ತಿ ಬಿಳಿ.

2009ರಲ್ಲಿ ಬಿಬಿಎಂಪಿ ಗೋಡೆಗಳಿಗೆ ಚಿತ್ರ ಬರೆಸಿತ್ತಲ್ಲ, ಆಗ ಇಲ್ಲಿ ಹಂಪಿಯ ಕಲ್ಲಿನ ರಥ ಬರೆದಿದ್ದು ಅವರೇ. ಸಿನಿಮಾ ಬ್ಯಾನರ್, ಕಟೌಟ್ ಬರೆಯುತ್ತಿದ್ದ ಎಷ್ಟೋ ಜನರಿಗೆ ಆಗ ಕೆಲಸ ಸಿಕ್ಕಿತ್ತು. ಫ್ಲೆಕ್ಸ್ ಬಂದ ಮೇಲೆ ಸುಮ್ನೆ ಕೂತಿದ್ದ ಕೈಗಳು. ರಥದ ಚಕ್ರ ಬರೆಯುವಾಗ ದೊಡ್ಡಪ್ಪ ಊಟಕ್ಕೂ ಏಣಿ ಇಳಿಯುತ್ತಿರಲಿಲ್ಲ.

"ಬೇಜಾರಾಯ್ತಾ ದೊಡ್ಡಪ್ಪ?"

"ಇಲ್ಲ ಕಣೋ. ಹೊಸ ಪಿಚ್ಚರ್ ಬಂದ್ರೆ ಹಳೇ ಬ್ಯಾನರ್ ಮೇಲೆ ಬಿಳಿ ಹೊಡೆದು ಅದೇ ಬಟ್ಟೆಗೆ ಬರೀತಿದ್ವಿ. ನಮಗೆ ಇದೇನು ಹೊಸದಲ್ಲ."

ಆದರೆ ಗೋಡೆ ಮುಟ್ಟಿದ ಕೈ ತೆಗೆಯಲಿಲ್ಲ.

ಮೂಲೆಯಲ್ಲಿ ಯಾರೋ ಆಗಲೇ ಕಪ್ಪು ಸ್ಪ್ರೇಯಲ್ಲಿ ಬರೆದಿದ್ದರು. ಒಂದಕ್ಕೊಂದು ಹೆಣೆದುಕೊಂಡ ಅಕ್ಷರ. ಬೈಯುತ್ತಾರೆ ಅಂದುಕೊಂಡೆ. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು.

"ಒಂದೇ ಏಟಿಗೆ ಎಳೆದಿದ್ದಾನೆ. ಎಲ್ಲೂ ಬಣ್ಣ ಸೋರಿಲ್ಲ. ಏನಿದು?"

"ಹೆಸರು. ಅವನದೇ."

ಆಟೋದಲ್ಲಿ ನ್ಯೂಯಾರ್ಕಿನ ಟಾಕಿ 183ರ ಕಥೆ ಹೇಳಿದೆ. ಟಾಕಿ ಅಂದರೆ ಅಡ್ಡಹೆಸರು, 183 ಅವನ ಬೀದಿಯ ನಂಬರ್. ಸಾಮಾನು ತಲುಪಿಸುವ ಕೆಲಸದ ಹುಡುಗ, ಹೋದಲ್ಲೆಲ್ಲ ಮಾರ್ಕರಿನಲ್ಲಿ ಅಷ್ಟನ್ನೇ ಬರೆಯುತ್ತಿದ್ದ. 1971ರಲ್ಲಿ ನ್ಯೂಯಾರ್ಕ್ ಟೈಮ್ಸಿನಲ್ಲಿ ಸುದ್ದಿಯಾದ. ಆಮೇಲೆ ಇನ್ನೂ ಎಷ್ಟೋ ಹುಡುಗರು ಬರೆಯತೊಡಗಿದರು, ರೈಲುಗಳ ಮೇಲೂ.

"ಬರೀ ಹೆಸರಾ? ಚಿತ್ರ ಇಲ್ವಾ?"

"ಮೊದಲು ಹೆಸರೇ. ದೊಡ್ಡ ದೊಡ್ಡ ಚಿತ್ರ ಆಮೇಲೆ."

ಸುಮ್ಮನಾದರು. ಹಂಪಿಯ ಕಲ್ಲಿನ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದನ್ನು ಯಾವತ್ತೂ ಒಪ್ಪಲಾರೆ. ಆದರೆ ಖಾಲಿ ಕಾಂಪೌಂಡಿನ ಮೇಲೆ "ನಾನಿದ್ದೀನಿ" ಅನ್ನುವ ಹುಡುಗನನ್ನು ಬೈಯಲು ಇವತ್ತು ಮನಸ್ಸಾಗಲಿಲ್ಲ.

ಮನೆ ಹತ್ತಿರ ಬಂದಾಗ ದೊಡ್ಡಪ್ಪ ಕೇಳಿದರು, "ನಾನು ರಥದ ಕೆಳಗೆ ಹೆಸರು ಹಾಕಿದ್ನಾ?"

"ಇಲ್ಲ."

"ಬ್ಯಾನರಿಗೆ ಹಾಕ್ತಿದ್ವಿ, ಮೂಲೇಲಿ. ನಂದಲ್ಲ, ಓನರ್‌ದು."

ಇಷ್ಟು ವರ್ಷದಲ್ಲಿ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಈಗ ರಾತ್ರಿ ಹನ್ನೊಂದು. ಹಳೇ ಫೋಲ್ಡರೆಲ್ಲ ಹುಡುಕಿದೆ, ಆ ರಥದ ಒಂದು ಫೋಟೋ ಕೂಡ ಇಲ್ಲ. ಆಗ ನನ್ನ ಫೋನಿಗೆ ಕ್ಯಾಮೆರಾ ಇರಲಿಲ್ಲ. ದೊಡ್ಡಮ್ಮನ ಟ್ರಂಕಿನಲ್ಲಿ ಒಂದು ಹಳೇ ಆಲ್ಬಮ್ ಇದೆ, ನಾಳೆ ಕೇಳಬೇಕು. ಏಣಿ ಮೇಲೆ ನಿಂತ ದೊಡ್ಡಪ್ಪ, ಹಿಂದೆ ಅರ್ಧ ಬರೆದ ಚಕ್ರ, ಅಂಥದ್ದೊಂದು ನೋಡಿದ ನೆನಪು...