ನಾಲೆ ಏರಿಯ ಮೇಲೆ 21 ಕಿಲೋಮೀಟರ್: ಕಾವೇರಿ ಟ್ರೇಲ್‌ಗೆ ಹೊರಟವರು ಒಮ್ಮೆ ಓದಿ

ಶ್ರೀರಂಗಪಟ್ಟಣದ ಹತ್ತಿರ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್‌ನಲ್ಲಿ ಹಾಫ್, ಅಂದರೆ 21 ಕಿಲೋಮೀಟರ್, ಓಡುತ್ತೇನೆ ಅಂದರೆ ಎಲ್ಲರೂ ಶೂ ಬಗ್ಗೆ, ಟ್ರೇನಿಂಗ್ ಬಗ್ಗೆ ಸಲಹೆ ಕೊಡುತ್ತಾರೆ. ಶನಿವಾರ ರಾತ್ರಿ ಎಲ್ಲಿ ಮಲಗಬೇಕು, ಭಾನುವಾರ ಬೆಳಗಿನ ಜಾವ ಕತ್ತಲಲ್ಲಿ ಆ ನಾಲೆ ಏರಿಗೆ ಹೇಗೆ ಮುಟ್ಟಬೇಕು ಅಂತ ಯಾರೂ ಹೇಳುವುದಿಲ್ಲ. ನನ್ನ ದುಡ್ಡು ಹೋಗಿದ್ದು, ತಲೆ ಕೆಟ್ಟಿದ್ದು ಅಲ್ಲೇ. ಓಟಕ್ಕೇನೂ ತೊಂದರೆ ಆಗಲಿಲ್ಲ.

ಮೊದಲು ಬಸ್. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ತಡೆರಹಿತ ಬಸ್ಸುಗಳು ಶ್ರೀರಂಗಪಟ್ಟಣದ ಊರೊಳಗೆ ಬರುವುದಿಲ್ಲ. ಬೈಪಾಸ್‌ನಲ್ಲಿ ಸೀದಾ ಮೈಸೂರಿಗೆ. ಹಳೇ ನೆನಪಿನಲ್ಲಿ ಹತ್ತಿದವರನ್ನು ಬೈಪಾಸ್ ಬದಿಯಲ್ಲಿ ಇಳಿಸಿದರೆ, ಬ್ಯಾಗು ಹೊತ್ತುಕೊಂಡು ಹೈವೇ ಪಕ್ಕ ಆಟೋ ಹುಡುಕಬೇಕು. ಆದ್ದರಿಂದ ಮಂಡ್ಯ ಮೇಲೆ ಹೋಗುವ, ಊರೂರಲ್ಲಿ ನಿಲ್ಲಿಸುವ ಬಸ್ಸನ್ನೇ ಹತ್ತಿ. ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ಊರೊಳಗೆ ಇಳಿಯುತ್ತೀರಿ. ಪ್ಯಾಸೆಂಜರ್ ರೈಲು ಇನ್ನೂ ಒಳ್ಳೆಯದು. ಶ್ರೀರಂಗಪಟ್ಟಣಕ್ಕೆ ತನ್ನದೇ ಸ್ಟೇಷನ್ ಇದೆ, ಆದರೆ ಶತಾಬ್ದಿ, ವಂದೇ ಭಾರತ್ ಅಲ್ಲಿ ನಿಲ್ಲುವುದಿಲ್ಲ. ಬೈಕಿನಲ್ಲಿ ಹೋಗುವವರೂ ಕೇಳಿ: 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ವಾಹನ ಬಿಡುವುದಿಲ್ಲ. ಸರ್ವಿಸ್ ರೋಡ್‌ನಲ್ಲೇ ಹೋಗಬೇಕು, ಅದು ಬೇಗ ಮುಗಿಯುವ ದಾರಿ ಅಲ್ಲ. ರಾತ್ರಿಯೆಲ್ಲ ಬೈಕ್ ಓಡಿಸಿ ಬೆಳಿಗ್ಗೆ ಹಾಫ್ ಓಡುವ ಹುಮ್ಮಸ್ಸು ಇರುವವರಿಗೆ ನಾನು ಏನೂ ಹೇಳುವುದಿಲ್ಲ.

ಈಗ ರೂಮು. ನದಿ ದಂಡೆಯಲ್ಲಿದೆ ಅಂತ ಫೋಟೋ ಹಾಕಿಕೊಂಡ ಒಂದು ಜಾಗ. ಹೆಸರು ಬೇಡ ಬಿಡಿ. ಕೌಂಟರ್ ಹಿಂದಿನ ಬೋರ್ಡಿನಲ್ಲಿ ಡಬಲ್ ರೂಮಿಗೆ 1,500 ಅಂತ ಬರೆದಿತ್ತು. ನನ್ನಿಂದ ಕಿತ್ತಿದ್ದು 3,800. ಕೇಳಿದರೆ, "ರನ್ನಿಂಗ್ ರೇಸ್ ಐತಲ್ಲ ಸಾ, ಸೀಜನ್ನು" ಅಂತ ಉತ್ತರ. ಕಿಟಕಿ ತೆಗೆದರೆ ಪಕ್ಕದ ಮದುವೆ ಹಾಲ್‌ನ ಜನರೇಟರ್. ಹೋಗಲಿ, ಮಲಗುವುದಕ್ಕೆ ತಾನೇ ಅಂದುಕೊಂಡೆ. ಓಟಗಾರರಿಗೆ ಬೆಳಿಗ್ಗೆ ನಾಲ್ಕಕ್ಕೇ ಬಿಸಿನೀರು, ಬಾಳೆಹಣ್ಣು, ಕಾಫಿ ರೆಡಿ ಇರುತ್ತದೆ ಅಂತ ಬುಕ್ ಮಾಡುವಾಗ ಹೇಳಿದ್ದರು. ನಾಲ್ಕಕ್ಕೆ ಕೆಳಗಿಳಿದರೆ ಗೇಟಿಗೆ ಬೀಗ. ವಾಚ್‌ಮನ್‌ನನ್ನು ಎಬ್ಬಿಸಿದರೆ, "ಕೀ ಮ್ಯಾನೇಜರ್ ತಾವ ಐತೆ, ಅವ್ರು ಮನೇಗೋದ್ರು" ಅಂದ. ನಾಲ್ಕು ಜನ ಓಟಗಾರರು, ಹಣೆಗೆ ಟಾರ್ಚು ಕಟ್ಟಿಕೊಂಡು, ಕಾಂಪೌಂಡ್ ಹಾರಿ ಆಚೆ ಬಂದೆವು. ಹಿಂದಿನ ದಿನ ಪೂರ್ತಿ ಹಣ ಕಟ್ಟಿಸಿಕೊಂಡಿದ್ದರಿಂದ ಅವರಿಗೆ ನಷ್ಟವೇನೂ ಇಲ್ಲ.

ಅದಕ್ಕೇ ಹೇಳುವುದು, ಮೈಸೂರಿನಲ್ಲಿ ಉಳಿಯಿರಿ. ಸಬರ್ಬನ್ ಬಸ್ ಸ್ಟ್ಯಾಂಡ್ ಸುತ್ತ ಸಾಧಾರಣ ಲಾಡ್ಜುಗಳು ಬೇಕಾದಷ್ಟಿವೆ. ಬಸ್ಸು, ರೈಲಿಗೆ ಹೊತ್ತಲ್ಲದ ಹೊತ್ತಿನಲ್ಲಿ ಬಂದುಹೋಗುವವರು ಇರುವುದರಿಂದ ರಾತ್ರಿಯೂ ಬಾಗಿಲು ತೆರೆದಿರುತ್ತದೆ. ಓಟ ಶುರುವಾಗುವ ರಂಗನತಿಟ್ಟು ಪಕ್ಷಿಧಾಮದ ಕಡೆಗೆ ಹದಿನೈದು-ಹದಿನೆಂಟು ಕಿಲೋಮೀಟರ್ ಅಷ್ಟೇ. ಟ್ಯಾಕ್ಸಿಯನ್ನು ಶನಿವಾರ ಸಂಜೆಯೇ ಮಾತಾಡಿ, ಡ್ರೈವರ್ ನಂಬರ್ ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಆ್ಯಪ್ ನಂಬಿ ಕೂರಬೇಡಿ. ಶ್ರೀರಂಗಪಟ್ಟಣದಲ್ಲೇ ಇದ್ದರೆ ದೂರ ಮೂರು-ನಾಲ್ಕು ಕಿಲೋಮೀಟರ್, ಆದರೆ ಬೆಳಗಿನ ಜಾವ ಸಿಗುವ ಒಂದೋ ಎರಡೋ ಆಟೋದವರು ಹೇಳಿದ್ದೇ ರೇಟು. ನಮಗೆ 400 ಹೇಳಿದರು. ತಲೆಗೆ ನೂರು ಬಿತ್ತು ಅಂತ ಸಮಾಧಾನ ಮಾಡಿಕೊಂಡೆವು.

ಇನ್ನು ನಿಯಮಗಳು. ಇವನ್ನು ಓದದೆ ಬಂದು ಅಲ್ಲಿ ಜಗಳ ಆಡುವವರನ್ನು ನೋಡಿ ಸಾಕಾಗಿದೆ. ಬಿಬ್, ಅಂದರೆ ಎದೆಗೆ ಹಾಕುವ ನಂಬರ್ ಚೀಟಿ, ಯಾವ ಊರಲ್ಲಿ, ಯಾವ ದಿನ ಕೊಡುತ್ತಾರೆ ಅನ್ನುವುದನ್ನು ಟಿಕೆಟ್ ಬುಕ್ ಮಾಡುವ ಮೊದಲೇ ನೋಡಿ. ಬೆಳಿಗ್ಗೆ ಸ್ಟಾರ್ಟ್‌ನಲ್ಲೇ ಕೊಡುತ್ತಾರೆ ಅಂತ ಊಹೆ ಮಾಡಿಕೊಂಡು ಬರಬೇಡಿ. ಗುರುತಿನ ಚೀಟಿ ಜೊತೆಗಿರಲಿ. ಬಿಬ್ ಎದೆ ಮೇಲೆ, ಮಡಚದೆ, ನಾಲ್ಕೂ ಮೂಲೆಗೆ ಪಿನ್ ಹಾಕಿ. ಹಿಂದೆ ಟೈಮಿಂಗ್ ಚಿಪ್ ಅಂಟಿಸಿರುತ್ತಾರೆ, ಮಡಚಿದರೆ ಅದು ಕೈಕೊಡಬಹುದು. ಇದು ಹೋಗಿ ತಿರುಗಿ ಬರುವ ದಾರಿ. ತಿರುಗುವ ಕಡೆ ಚಿಪ್ ಓದುವ ಮ್ಯಾಟ್ ಹಾಸಿದ್ದರೆ ಅದನ್ನು ತುಳಿದೇ ತಿರುಗಬೇಕು. ಪಕ್ಕದಲ್ಲಿ ತಿರುಗಿದರೆ ಹೆಸರಿನ ಮುಂದೆ ಟೈಮ್ ಇರುವುದಿಲ್ಲ. ಆಮೇಲೆ ವಾಚು ತೋರಿಸಿ ಕೂಗಾಡಿ ಪ್ರಯೋಜನ ಇಲ್ಲ.

"ಫ್ರೆಂಡ್ ಬರ್ತಿಲ್ಲ, ಅವನ ಬಿಬ್ ನೀನು ಹಾಕ್ಕೋ" ಅನ್ನುವ ಧಾರಾಳತನ ನಮ್ಮಲ್ಲಿ ತುಂಬಾ ಇದೆ. ಬೇಡ. ಆ ನಂಬರಿನ ಹಿಂದೆ ಅವನ ರಕ್ತದ ಗುಂಪು, ಅವನ ಮನೆಯವರ ಫೋನ್ ನಂಬರ್ ಇರುತ್ತದೆ. ನೀವು ಏರಿ ಮೇಲೆ ತಲೆ ಸುತ್ತಿ ಬಿದ್ದರೆ ಫೋನ್ ಹೋಗುವುದು ಅವನ ಹೆಂಡತಿಗೆ.

ಕಟ್-ಆಫ್, ಅಂದರೆ ಓಟ ಮುಗಿಸಲು ಕೊಡುವ ಗಡುವು, ಅದರ ಲೆಕ್ಕ ಮನೆಯಲ್ಲೇ ಹಾಕಿಕೊಳ್ಳಿ. ಮೂರೂವರೆ ಗಂಟೆ ಕೊಟ್ಟರೆ ಕಿಲೋಮೀಟರಿಗೆ ಹೆಚ್ಚೂಕಡಿಮೆ 10 ನಿಮಿಷ. ಕೇಳಲು ಆರಾಮು ಅನ್ನಿಸುತ್ತದೆ, ಅಲ್ವಾ? ಆದರೆ ಡಾಂಬರು ರಸ್ತೆಯ ವೇಗವನ್ನು ಇಲ್ಲಿಗೆ ತರಬೇಡಿ. ದಾರಿ ಬಹುಪಾಲು ಮಟ್ಟಸವಾಗೇ ಇದೆ, ಬೆಟ್ಟ-ಗುಡ್ಡ ಇಲ್ಲ. ಕಷ್ಟ ಕೊಡುವುದು ಬಿಸಿಲು. ಓಟ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಮಳೆ ಬಿಡುವು ಕೊಟ್ಟಿತೆಂದರೆ ಎಂಟು ಗಂಟೆಗೇ ಸುಡುತ್ತದೆ. ಒಂದು ಕಡೆ ನಾಲೆ, ಇನ್ನೊಂದು ಕಡೆ ನೀರು ನಿಂತ ಭತ್ತದ ಗದ್ದೆ, ನೆರಳು ಕಡಿಮೆ, ಸೆಕೆ ಕೆಳಗಿನಿಂದಲೂ ಹೊಡೆಯುತ್ತದೆ. ಹೋಗುವಾಗ ಖುಷಿಯಲ್ಲಿ ಓಡಿದವರು ಬರುವಾಗ ಸಾಲಾಗಿ ನಡೆಯುತ್ತಿದ್ದರು. ಟೋಪಿ ಬೇಕೇ ಬೇಕು. ದಾರಿಯಲ್ಲಿ ನೀರು ಸಿಗುತ್ತದೆ, ಆದರೂ ಸಣ್ಣ ಬಾಟಲಿ ಕೈಯಲ್ಲಿರಲಿ, ಜೊತೆಗೆ ಒಂದು ಓಆರ್‌ಎಸ್ ಪ್ಯಾಕೆಟ್. ಬರೀ ನೀರನ್ನೇ ಕುಡಿಯುತ್ತಾ ಹೋದರೆ ಮೈಯಲ್ಲಿನ ಉಪ್ಪು ತೆಳುವಾಗಿ ತಲೆನೋವು, ವಾಂತಿ ಶುರುವಾಗಬಹುದು.

ಶೂ ವಿಷಯ ಒಂದೇ ಮಾತು: ಮಳೆ ಇಲ್ಲದಿದ್ದರೆ ರಸ್ತೆಯಲ್ಲಿ ಓಡುವ ಶೂ ಸಾಕು. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಹಲ್ಲಿರುವ ಅಟ್ಟೆ ಬೇಕು, ಇಲ್ಲದಿದ್ದರೆ ಜಾರುತ್ತದೆ.

ಇಯರ್‌ಫೋನ್ ರೂಮಲ್ಲೇ ಬಿಡಿ. ಏರಿ ಮೇಲೆ ಟ್ರ್ಯಾಕ್ಟರ್, ಎತ್ತಿನ ಗಾಡಿ, ಹುಲ್ಲಿನ ಹೊರೆ ಹೊತ್ತ ಹೆಂಗಸರು, ಎಮ್ಮೆ ಎಲ್ಲ ಬರುತ್ತವೆ. ಅದು ಅವರ ದಾರಿ, ನಾವು ಒಂದು ಬೆಳಿಗ್ಗೆಗೆ ಬಂದವರು. ಗಾಡಿ ಬಂದರೆ ನಾವೇ ಪಕ್ಕಕ್ಕೆ ಸರಿಯಬೇಕು. ಗದ್ದೆಯಲ್ಲಿದ್ದ ಒಬ್ಬ ಯಜಮಾನರು, "ಯಾರು ಅಟ್ಟುಸ್ಕೊಂಡ್ ಬತ್ತಾವ್ರೆ ಸಾ?" ಅಂತ ಕೇಳಿದರು. ನಗು ಬಂದು ನನ್ನ ಉಸಿರಿನ ಲಯವೇ ತಪ್ಪಿಹೋಯಿತು.

ಓಡುವಾಗ ಶಕ್ತಿಗೆ ಅಂತ ನುಂಗುವ ಜೆಲ್‌ನ ಪ್ಯಾಕೆಟ್, ನೀರು ಕುಡಿದ ಲೋಟ ಬಿಸಾಡಬೇಡಿ. ನಾಲೆಗೆ ಬಿದ್ದದ್ದು ಯಾರದೋ ಗದ್ದೆಗೆ ಹೋಗುತ್ತದೆ. ಟ್ರೇಲ್ (ಮಣ್ಣು ದಾರಿಯ) ಓಟಗಳಲ್ಲಿ ಕಸ ಎಸೆದರೆ ಹೊರಗೆ ಹಾಕುವ ನಿಯಮ ಇರುತ್ತದೆ, ಹಾಕಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು, ನಾಲೆಗೆ ಇಳಿಯಬೇಡಿ. ಮೇಲೆ ಮೆತ್ತಗೆ ಕಂಡರೂ ಒಳಗೆ ಸೆಳೆತ ಇದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ನದಿಗಂತೂ ಬೇಡವೇ ಬೇಡ. ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಮಲಗುವ ಮೊಸಳೆಗಳು ಫೋಟೋಗೆ ಮಾತ್ರ ಇರುವುದಲ್ಲ.

ಶುರುವಿನ ಎರಡು ಕಿಲೋಮೀಟರ್ ನನಗೆ ಹಿಂಸೆ. ಏರಿ ಕಿರಿದು, ಜನ ಜಾಸ್ತಿ, ಮೂರು-ಮೂರು ಜನ ಅಡ್ಡಡ್ಡ ಹರಟೆ ಹೊಡೆಯುತ್ತಾ ಓಡುತ್ತಾರೆ, ಮಧ್ಯೆ ಸೆಲ್ಫಿ ಬೇರೆ. ಗುಂಪು ಆಗದವರು ತೀರಾ ಕೊನೆಯಲ್ಲಿ ನಿಂತು ನಿಧಾನಕ್ಕೆ ಹೊರಡಿ. ಚಿಪ್ ಲೆಕ್ಕ ನೀವು ಗೆರೆ ದಾಟಿದ ಮೇಲೇ ಶುರುವಾಗುತ್ತದೆ, ಆದರೆ ಕಟ್-ಆಫ್ ಗಡಿಯಾರ ಎಲ್ಲರಿಗೂ ಒಂದೇ ಆಗಿರಬಹುದು, ಅದನ್ನು ಕೇಳಿಕೊಳ್ಳಿ. ನಾಲ್ಕನೇ ಕಿಲೋಮೀಟರ್ ದಾಟಿದ ಮೇಲೆ ಸುತ್ತ ಬೆಳ್ಳಕ್ಕಿ, ನೀರಿನ ಸದ್ದು, ನೀವು. ಅಷ್ಟಕ್ಕೇ ಇನ್ನೊಂದು ಸಲ ಹೋಗಬಹುದು.

ಓಟ ಮುಗಿಸಿ ಹಾಗೇ ಪಕ್ಷಿಧಾಮದಲ್ಲಿ ಬೋಟಿಂಗ್ ಅಂತ ಮನೆಯವರಿಗೆ ಆಸೆ ಹುಟ್ಟಿಸಿ ಕರೆದುಕೊಂಡು ಬರಬೇಡಿ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನಿಂದ 1940ರಲ್ಲಿ ಆದ, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿದ ಜಾಗ, ನೋಡಬೇಕಾದ್ದೇ. ಆದರೆ ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ನಡುಗಡ್ಡೆಗಳು ಮುಳುಗಿ ಬೋಟು ನಿಲ್ಲಿಸುತ್ತಾರೆ. ಗೂಡು ಕಟ್ಟುವ ಕಾಲವೂ ಅದಲ್ಲ. ಜನವರಿ ಆದ ಮೇಲೆ ಬನ್ನಿ.

ಅದರ ಬದಲು ಊಟಕ್ಕೆ ಹೋಗಿ. ಶ್ರೀರಂಗಪಟ್ಟಣದ ಹಳೇ ಮೈಸೂರು ರಸ್ತೆ ಬದಿಯಲ್ಲಿ, ತಗಡಿನ ಮಾಡು ಹಾಕಿಕೊಂಡು ಗಂಡ-ಹೆಂಡತಿ ನಡೆಸುವ ಮುದ್ದೆ ಹೋಟೆಲುಗಳಿವೆ. ನಾನು ಕೂತ ಹೋಟೆಲಿಗೆ ಬೋರ್ಡೇ ಇರಲಿಲ್ಲ, ಹೊರಗೆ ಲಾರಿಗಳು ನಿಂತಿದ್ದವು, ಅದೇ ಗುರುತು. ಎರಡು ಮುದ್ದೆ, ಉಪ್ಸಾರು, ಸೊಪ್ಪು-ಹಲಸಂದೆ ಕಾಳಿನ ಪಲ್ಯ, ಅನ್ನ, ಮಜ್ಜಿಗೆ, ಎಲ್ಲ ಸೇರಿ 70 ರೂಪಾಯಿ. ಉಪ್ಸಾರು ಅಂದರೆ ಕಾಳು-ಸೊಪ್ಪು ಬೇಯಿಸಿ ಬಸಿದ ತಿಳಿ ನೀರು, ಅದಕ್ಕೆ ರುಬ್ಬಿದ ಖಾರವನ್ನು ನಾವೇ ಬೇಕಾದಷ್ಟು ಕಲಸಿಕೊಳ್ಳಬೇಕು. ಮೂರು ಗಂಟೆ ಬೆವರು ಸುರಿಸಿ, ಅಂಗಿ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿಸಿಕೊಂಡು ಬಂದವನಿಗೆ ಇದಕ್ಕಿಂತ ಒಳ್ಳೆಯ ಮದ್ದು ಯಾವ ಬಣ್ಣದ ಪಾನೀಯದಲ್ಲೂ ಇಲ್ಲ. ಮುದ್ದೆ ಬೆಣ್ಣೆಯ ಹಾಗೆ ನುಣ್ಣಗಿತ್ತು, ಒಂದು ಗಂಟೂ ಸಿಗಲಿಲ್ಲ. ಕೊರಳಲ್ಲಿದ್ದ ಮೆಡಲ್ ನೋಡಿ ಆಕೆ, "ಗೆದ್ರಾ ಅಣ್ಣ?" ಅಂದರು. ಇಲ್ಲಮ್ಮ, ಓಡಿದವರಿಗೆಲ್ಲ ಕೊಡುತ್ತಾರೆ ಅಂದೆ. "ಹಂಗಾರೆ ಇನ್ನೊಂದು ಮುದ್ದೆ ಉಣ್ಣಿ" ಅಂತ ಕೇಳದೇ ಹಾಕಿದರು. ಅದಕ್ಕೆ ಕಾಸು ತೆಗೆದುಕೊಳ್ಳಲಿಲ್ಲ. ಒಂದೇ ಎಚ್ಚರಿಕೆ: ಹಿಂದಿನ ರಾತ್ರಿ ಈ ಊಟ ಬೇಡ. ಕಾಳು, ಖಾರ ಎರಡೂ ಬೆಳಿಗ್ಗೆ ನಿಮ್ಮ ಜೊತೆಯಲ್ಲೇ ಓಡುತ್ತವೆ, ನಾಲೆ ಏರಿ ಮೇಲೆ ಮರೆಯಾಗಲು ಜಾಗ ಇಲ್ಲ. ಶನಿವಾರ ರಾತ್ರಿಗೆ ಅನ್ನ-ಮೊಸರು ಸಾಕು.

ವಾಪಸ್ಸಿಗೆ ಭಾನುವಾರ ಮಧ್ಯಾಹ್ನ ಎರಡರೊಳಗೆ ಹೊರಡಿ. ಸಂಜೆ ಆದರೆ ಮೈಸೂರಿಗೆ ಬಂದ ಬೆಂಗಳೂರೆಲ್ಲ ಒಟ್ಟಿಗೆ ಹಿಂತಿರುಗುತ್ತದೆ. ಶ್ರೀರಂಗಪಟ್ಟಣಕ್ಕೆ ಬರುವ ಹೊತ್ತಿಗೆ ಬಸ್ಸಿನಲ್ಲಿ ಸೀಟಿರುವುದಿಲ್ಲ, ಆ ಕಾಲಲ್ಲಿ ನಿಂತು ಬರಲಾಗುವುದಿಲ್ಲ. ಆಟೋ ಮಾಡಿಕೊಂಡು ಮೈಸೂರು ಬಸ್ ಸ್ಟ್ಯಾಂಡಿಗೇ ಹಿಂದಕ್ಕೆ ಹೋಗಿ, ಅಲ್ಲಿಂದ ಸೀಟು ಹಿಡಿದು ಕೂತು ಬನ್ನಿ.