ಮಷಿನ್ ಬಂದ ಮೇಲೂ ಅಷ್ಟು ದಿನ ಯಾಕ್ರಿ ಬೇಕು?

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ ಕೋವಿಡ್ ಇತ್ತೆಂದು ಖಚಿತವಾದದ್ದು 12ರಂದು. ದೇಶದ ಮೊದಲ ಕೋವಿಡ್ ಸಾವು ಅದು. ಆಗ ನಮ್ಮ ಜಿಲ್ಲೆಯಲ್ಲಿ ಕೋವಿಡ್ ಪತ್ತೆಯ ಆರ್‌ಟಿ-ಪಿಸಿಆರ್ ಪರೀಕ್ಷೆ ಇರಲಿಲ್ಲ, ಸ್ಯಾಂಪಲ್ ಬೆಂಗಳೂರಿಗೆ ಹೋಗಬೇಕಿತ್ತು. ಅದಕ್ಕೇ ಇಲ್ಲಿನ ಜನ ಇಂದಿಗೂ ಕೇಳುತ್ತಾರೆ: "ಮಷಿನ್ ಬಂದದ, ಕಿಟ್ ಬಂದಾವ, ಮತ್ತ ಟೆಸ್ಟ್ ಶುರು ಮಾಡ್ಲಿಕ್ಕ ಅಷ್ಟು ದಿನ ಯಾಕ್ರಿ ಬೇಕು?"

ಪ್ರಶ್ನೆ ನ್ಯಾಯವಾದದ್ದೇ. ಪರೀಕ್ಷೆಯ ವಿನ್ಯಾಸಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ವೈರಸ್ಸಿನ ಜೀನೋಮ್ (ಅದರ ಜೀನುಗಳ ಪೂರ್ತಿ ಅಕ್ಷರಸಾಲು) 2020ರ ಜನವರಿ ಎರಡನೇ ವಾರದಲ್ಲಿ ಬಹಿರಂಗವಾಯಿತು. ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯವರ ಆರ್‌ಟಿ-ಪಿಸಿಆರ್ ವಿಧಾನ ಜನವರಿ 23ಕ್ಕೆ ಪ್ರಕಟವಾಯಿತು: ಮೊದಲು ಇ ಜೀನ್ ನೋಡುವುದು, ಆಮೇಲೆ ಆರ್‌ಡಿಆರ್‌ಪಿ ಜೀನಿನಿಂದ ಖಚಿತ ಮಾಡಿಕೊಳ್ಳುವುದು. ಹೊಸ ವೈರಸ್ ಕೈಯಲ್ಲಿ ಇಲ್ಲದಿದ್ದರೂ 2003ರ ಸಾರ್ಸ್ ವೈರಸ್ ಮತ್ತು ಕೃತಕ ಆರ್‌ಎನ್‌ಎ (ಈ ವೈರಸ್ಸಿನ ಜೀನುಗಳಿರುವ ಅಣು) ಇಟ್ಟುಕೊಂಡೇ ಅವರು ಅದನ್ನು ಕಟ್ಟಿದರು. ದಿನಗಳು ಹೋಗುವುದು ಆಮೇಲೆ, ನಮ್ಮ ಕೋಣೆಯಲ್ಲಿ, ನಮ್ಮ ಕೈಯಲ್ಲಿ ಬರುವ ಪಾಸಿಟಿವ್ ನಿಜವಾಗಿ ಪಾಸಿಟಿವ್, ನೆಗೆಟಿವ್ ನಿಜವಾಗಿ ನೆಗೆಟಿವ್ ಎಂದು ತೋರಿಸಿಕೊಳ್ಳುವುದಕ್ಕೆ. ಅದೇ ವರ್ಷ ಫೆಬ್ರುವರಿಯಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹಂಚಿದ ಕಿಟ್ಟುಗಳಲ್ಲಿ ಬರೀ ನೀರು ಹಾಕಿದ ಗುಳಿಯೂ (ಪರೀಕ್ಷೆಯ ಪ್ಲೇಟಿನಲ್ಲಿ ಒಂದೊಂದು ಸ್ಯಾಂಪಲ್ ಹಾಕುವ ಪುಟ್ಟ ಕುಳಿ) ಪಾಸಿಟಿವ್ ಎಂದಿತು. ಅಲ್ಲಿನ ಲ್ಯಾಬುಗಳಿಗೆ ವಾರಗಟ್ಟಲೆ ಹೊತ್ತು ಹಾಳಾಯಿತು. ನೆಗೆಟಿವ್ ರಿಪೋರ್ಟ್ ಹಿಡಿದು ಮನೆಗೆ ಹೋದವರು ಅಜ್ಜಿಯ ಪಕ್ಕದಲ್ಲೇ ಮಲಗುತ್ತಾರೆ. ಆ ರಿಪೋರ್ಟ್ ತಪ್ಪಾಗಿರುವಂತಿಲ್ಲ.

ಮೊದಲ ಕೆಲಸ, ಎಷ್ಟು ಕಡಿಮೆ ವೈರಸ್ ಇದ್ದರೂ ಹಿಡಿಯುತ್ತೇವೆ ಎಂದು ಅಳೆಯುವುದು. ಪ್ರಮಾಣ ಗೊತ್ತಿರುವ ಆರ್‌ಎನ್‌ಎಯನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುಮಾಡುತ್ತಾ ಹೋಗಬೇಕು. ಮಷಿನ್ ಸುತ್ತು ಸುತ್ತಿಗೂ ಜೀನಿನ ಪ್ರತಿಗಳನ್ನು ದುಪ್ಪಟ್ಟು ಮಾಡುತ್ತದೆ; ಎಷ್ಟನೇ ಸುತ್ತಿನಲ್ಲಿ ಅದು ಕಾಣಿಸಿಕೊಂಡಿತು ಎಂಬುದೇ ಸಿ.ಟಿ. ಪ್ರತಿ ಹತ್ತು ಪಟ್ಟಿಗೆ ಸಿ.ಟಿ. ಸಂಖ್ಯೆ ಸುಮಾರು 3.3 ಏರಬೇಕು. 3.1ರಿಂದ 3.6ರ ಒಳಗಿದ್ದರೆ ಸರಿ. ಹೊರಗೆ ಹೋದರೆ ದ್ರವ ಅಳೆದು ಹಾಕುವ ಪಿಪೆಟ್ ತಪ್ಪಿದೆ, ಇಲ್ಲವೇ ರಿಯಾಕ್ಷನ್ನಿಗೆ ಏನೋ ಅಡ್ಡಿಯಿದೆ. ಹಿಡಿಯಬಲ್ಲ ಅತಿ ಕಡಿಮೆ ಪ್ರಮಾಣ ಸಿಕ್ಕ ಮೇಲೆ ಅದನ್ನೇ 20 ಸಲ ಹಾಕಬೇಕು, ಕನಿಷ್ಠ 19 ಸಲ ಬರಬೇಕು. ಆಮೇಲೆ ಬೇರೆ ಲ್ಯಾಬಿನಲ್ಲಿ ಖಚಿತವಾದ ಪಾಸಿಟಿವ್, ನೆಗೆಟಿವ್ ಸ್ಯಾಂಪಲ್‌ಗಳನ್ನು, ಯಾವುದು ಯಾವುದೆಂದು ಹೇಳದೆ, ಕೆಲಸ ಮಾಡುವವರ ಕೈಗೆ ಕೊಡಬೇಕು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಲಬೆರಕೆ. 40 ಸುತ್ತು ಮುಗಿಸಿದ ಒಂದು ಪಾಸಿಟಿವ್ ಗುಳಿಯಲ್ಲಿ ಕೋಟಿಗಟ್ಟಲೆ ಡಿಎನ್‌ಎ ಪ್ರತಿಗಳಿರುತ್ತವೆ. ಮುಚ್ಚಳ ತೆಗೆದರೆ ಕಣ್ಣಿಗೆ ಕಾಣದ ಹನಿ ಹಾರಿ ಮುಂದಿನ ಬ್ಯಾಚುಗಳನ್ನೆಲ್ಲ ಕೆಡಿಸುತ್ತದೆ. ಆದ್ದರಿಂದ ಮುಗಿದ ಪ್ಲೇಟನ್ನು ತೆರೆಯದೆ, ಚೀಲದಲ್ಲಿ ಕಟ್ಟಿ ಹೊರಗೆ ಕಳಿಸಬೇಕು, ಲ್ಯಾಬಿನೊಳಗೆ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸುವುದು) ಮಾಡಬಾರದು. ಮೂರು ಕೋಣೆ ಬೇಕು: ಮಾಸ್ಟರ್ ಮಿಕ್ಸ್ (ಪರೀಕ್ಷೆಯ ರಾಸಾಯನಿಕಗಳ ಮಿಶ್ರಣ) ಕಲಸಲು ಒಂದು, ಆರ್‌ಎನ್‌ಎ ತೆಗೆಯಲು ಒಂದು, ಮಷಿನ್ನಿಗೆ ಒಂದು. ನಡಿಗೆ ಒಂದೇ ದಿಕ್ಕಿಗೆ. ಮಷಿನ್ ಕೋಣೆಗೆ ಹೋದ ಏಪ್ರನ್, ಪೆನ್ನು, ಮೊಬೈಲ್ ಯಾವುದೂ ಮೊದಲ ಕೋಣೆಗೆ ಮರಳಬಾರದು. ನಮ್ಮ ಕಡೆ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಅದರ ಸಂದುಗಳಲ್ಲಿ ಕುಳಿತ ಕೊಳೆ ಒರೆಸಿದರೆ ಹೋಗದು, ಮೇಲೆ ಸಂದಿಲ್ಲದ ವಿನೈಲ್ ಹಾಸಬೇಕು. ಬೇಸಿಗೆಯಲ್ಲಿ ಮನೆಮನೆಯಲ್ಲೂ ಓಡುವ ಕೂಲರ್ ಈ ಕೋಣೆಗಳಿಗೆ ಬರಕೂಡದು. ಫ್ಯಾನೂ ಬೇಡ. ಮೇಜು ಒರೆಸಲು ಬರೀ ಸ್ಪಿರಿಟ್ ಸಾಲದು, ಅದು ಡಿಎನ್‌ಎಯನ್ನು ನಾಶ ಮಾಡುವುದಿಲ್ಲ. ಅಂದಂದೇ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ, ಹಚ್ಚಿ ಹತ್ತು ನಿಮಿಷ ಬಿಟ್ಟು ನೀರಿನಿಂದ ಒರೆಸಬೇಕು. ಒಂದು ಎಚ್ಚರಿಕೆ: ಆರ್‌ಎನ್‌ಎ ತೆಗೆಯುವ ಕಿಟ್ಟಿನಲ್ಲಿ ವೈರಸ್ಸನ್ನು ಒಡೆಯುವ ಲೈಸಿಸ್ ದ್ರವದಲ್ಲಿ ಗ್ವಾನಿಡಿನ್ ಎಂಬ ರಾಸಾಯನಿಕ ಇರುತ್ತದೆ, ಅದರ ಮೇಲೆ ಬ್ಲೀಚ್ ಬಿದ್ದರೆ ವಿಷಾನಿಲ ಏಳುತ್ತದೆ. ಆ ತ್ಯಾಜ್ಯಕ್ಕೆ ಬೇರೆಯದೇ ಡಬ್ಬಿ ಇಡಿ.

ಆರ್‌ಎನ್‌ಎ ತೆಗೆಯುವಾಗ ಕಾಲಂ (ಆರ್‌ಎನ್‌ಎ ಹಿಡಿದಿಡುವ ಪುಟ್ಟ ಸೋಸುಗೊಳವೆ) ಕಿಟ್ಟುಗಳಲ್ಲಿ ಸಾಮಾನ್ಯವಾಗಿ 140ರಿಂದ 200 ಮೈಕ್ರೊಲೀಟರ್ ಸ್ಯಾಂಪಲ್ ತೆಗೆದುಕೊಂಡು 50-60 ಮೈಕ್ರೊಲೀಟರ್‌ನಲ್ಲಿ ಇಳಿಸುತ್ತಾರೆ. ತೊಳೆದ ಮೇಲೆ ಖಾಲಿ ಕಾಲಂ ಸೆಂಟ್ರಿಫ್ಯೂಜಿನಲ್ಲಿ ಇನ್ನೊಮ್ಮೆ ತಿರುಗಿಸುವುದನ್ನು ಅವಸರದಲ್ಲಿ ಬಿಟ್ಟರೆ ಉಳಿದ ಎಥನಾಲ್ ರಿಯಾಕ್ಷನ್ನನ್ನೇ ತಡೆಯುತ್ತದೆ. ಗುಳಿಗೆ 20 ಮೈಕ್ರೊಲೀಟರ್ ಮಿಕ್ಸ್, 5 ಮೈಕ್ರೊಲೀಟರ್ ಆರ್‌ಎನ್‌ಎ ಎಂಬ ಕಿಟ್ಟಾದರೆ, ಹತ್ತು ಗುಳಿಗೆ ಬೇಕಾದಾಗ ಹನ್ನೊಂದರ ಲೆಕ್ಕದಲ್ಲಿ ಕಲಸಿ, ಪಿಪೆಟ್ಟಿಗೆ ಅಂಟಿ ಹೋಗುವುದು ಇದ್ದೇ ಇರುತ್ತದೆ.

ಬಿಸಿಲಿನ ಲೆಕ್ಕವನ್ನೂ ಹಾಕಬೇಕು. ಏಪ್ರಿಲ್-ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಆಳಂದ, ಚಿಂಚೋಳಿ ಕಡೆಯಿಂದ ಬರುವ ಸ್ಯಾಂಪಲ್ 2-8 ಡಿಗ್ರಿಯಲ್ಲಿರಬೇಕು, ಹಾಗಿದ್ದರೆ 72 ಗಂಟೆ ತಡೆಯುತ್ತದೆ. ಅದಕ್ಕಿಂತ ತಡವಾಗುವುದಾದರೆ ಮೈನಸ್ 70ಕ್ಕೆ ಇಡಬೇಕು. ಹತ್ತಿಯ ಕಡ್ಡಿ ಬೇಡ, ನೈಲಾನ್ ಅಥವಾ ಡೇಕ್ರಾನ್ ಸ್ವಾಬ್ ಆಗಬೇಕು. ಮಷಿನ್ ಓಟದ ನಡುವೆ ಕರೆಂಟ್ ಹೋದರೆ ಇಡೀ ಪ್ಲೇಟ್ ಕಸ, ಯುಪಿಎಸ್ ಪೂರ್ತಿ ಓಟದಷ್ಟು ಹೊತ್ತು ತಾಳಬೇಕು.

ಫಲಿತಾಂಶ ಓದುವಾಗ ಬರೀ ಸಿ.ಟಿ. ಸಂಖ್ಯೆ ನಂಬಬೇಡಿ, ಮಷಿನ್ ತೋರಿಸುವ ಗೆರೆಯನ್ನು ನೋಡಿ. ನಿಜವಾದ ಪಾಸಿಟಿವ್ ಮೆಲ್ಲಗೆ ಎದ್ದು, ಕಡಿದಾಗಿ ಏರಿ, ಮಟ್ಟಸವಾಗುತ್ತದೆ. ಸುಮ್ಮನೆ ಓರೆಯಾಗಿ ತೆವಳುವ ಗೆರೆ ವೈರಸ್ಸಲ್ಲ. ಸರಿಯಾಗಿ ತೆಗೆದ ಸ್ವಾಬಿನಲ್ಲಿ ಇರಲೇಬೇಕಾದ ಮನುಷ್ಯನ ಆರ್‌ಎನ್‌ಏಸ್ ಪಿ ಜೀನ್ ಕೂಡ ಬಾರದಿದ್ದರೆ, ವೈರಸ್ ಜೀನೂ ಬಂದಿಲ್ಲವೆಂದು ನೆಗೆಟಿವ್ ಬರೆಯಬಾರದು. ಸ್ವಾಬ್ ಸರಿಯಾಗಿ ತೆಗೆದಿಲ್ಲ, ಇಲ್ಲವೇ ಅಡ್ಡಿಯಿದೆ. ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಹಾಕಿ. ಆಗ ಬಂದರೆ ಅಡ್ಡಿಯೇ ಕಾರಣ, ಬಾರದಿದ್ದರೆ ಹೊಸ ಸ್ವಾಬ್ ತರಿಸಬೇಕು. ನೀರಿನ ಗುಳಿ 37ನೇ ಸುತ್ತಿನಲ್ಲಿ ಎದ್ದರೂ ಆ ಬ್ಯಾಚಿನ ಒಂದು ಪಾಸಿಟಿವನ್ನೂ ಹೊರಗೆ ಬಿಡಬಾರದು. ಹೊರಗೆ ಎಷ್ಟೇ ಜನ ಕಾಯುತ್ತಿರಲಿ, ನನ್ನ ಮಟ್ಟಿಗೆ ಇದರಲ್ಲಿ ರಿಯಾಯಿತಿಯಿಲ್ಲ.

ಐದು ಸ್ಯಾಂಪಲ್ ಕೂಡಿಸಿ ಪರೀಕ್ಷಿಸಿದರೆ ಕಿಟ್ ಉಳಿಯುತ್ತದೆ, ನಿಜ. ಆದರೆ ಸಿ.ಟಿ. ಸುಮಾರು 2.3 ಏರುತ್ತದೆ, ಅಂಚಿನಲ್ಲಿದ್ದವರು ತಪ್ಪಿಹೋಗಬಹುದು. ಸೋಂಕು ವಿರಳವಾಗಿರುವ ಕಡೆ ಮಾತ್ರ ಅದು ಸರಿ.

ಇಷ್ಟೆಲ್ಲ ಆದ ಮೇಲೂ ವೈರಸ್ ಬದಲಾಗುತ್ತದೆ. ಆಲ್ಫಾ ತಳಿಯ ಎಸ್ ಜೀನಿನಲ್ಲಿ ಆರು ಅಕ್ಷರ ಬಿಟ್ಟುಹೋಗಿದ್ದರಿಂದ ಕೆಲವು ಕಿಟ್ಟುಗಳಿಗೆ ಆ ಜೀನ್ ಕಾಣದೇ ಹೋಯಿತು. ಅದೊಂದನ್ನೇ ನಂಬಿದ್ದ ಪರೀಕ್ಷೆಯಾದರೆ ರೋಗಿಯೇ ಕೈತಪ್ಪುತ್ತಿದ್ದ. ಹಾಗಾಗಿ ಕಿಟ್ ಕೊಳ್ಳುವಾಗ ಕನಿಷ್ಠ ಎರಡು ಜೀನ್ ಇದೆಯೇ ನೋಡಬೇಕು, ಪ್ರತಿ ಹೊಸ ಲಾಟ್ ಬಂದಾಗ ಹಳೆಯದರ ಪಕ್ಕದಲ್ಲೇ ಅದೇ ಸ್ಯಾಂಪಲ್‌ಗಳನ್ನು ಹಾಕಿ ಎರಡರ ಸಿ.ಟಿ. ಹೋಲಿಸಬೇಕು.