ಸಂಡೂರಿನ ಕೆಮ್ಮಣ್ಣು, ಗಾಣದ ಅಗಸೆ ಎಣ್ಣೆ: ಬಳ್ಳಾರಿ ಗುಡ್ಡದ ಚಿತ್ರ ಎಲ್ಲಿಗೆ ಬಂದಿದೆ

ಬಳ್ಳಾರಿ ಗುಡ್ಡವನ್ನು ತೈಲವರ್ಣದಲ್ಲಿ ಚಿತ್ರಿಸುವುದಕ್ಕೆ ಬೇಕಾದ ಬಣ್ಣಗಳನ್ನು ಆದಷ್ಟೂ ಈ ಸೀಮೆಯ ಮಣ್ಣು ಮತ್ತು ಎಣ್ಣೆಯಿಂದಲೇ ತಯಾರಿಸಿಕೊಳ್ಳುವ ಕೆಲಸ ಈಗ ಕ್ಯಾನ್ವಾಸಿನ ಮೇಲೆ ಬಂದು ನಿಂತಿದೆ. ನೀಲಿಗೆ ಮಾತ್ರ ಟ್ಯೂಬಿನ ಅಲ್ಟ್ರಾಮರೀನ್ ಬಳಸುತ್ತಿದ್ದೇನೆ. ಬಿಳಿಗೆ ಟೈಟಾನಿಯಂ ಡಯಾಕ್ಸೈಡ್ ಪುಡಿಯನ್ನು ಕೊಂಡು ತಂದು ನಾನೇ ಎಣ್ಣೆಯಲ್ಲಿ ಅರೆದಿದ್ದೇನೆ. ಕೆಂಪು, ಹಳದಿ ಮತ್ತು ಸುಟ್ಟ ಕಂದು ಈ ಮೂರೂ ಮಣ್ಣಿನವು.

ಕೆಮ್ಮಣ್ಣು ಸಂಡೂರು ತಾಲ್ಲೂಕಿನ ಪರಿಚಿತರೊಬ್ಬರ ಹೊಲದ ಬದುವಿನದು. ಅದರ ಬಣ್ಣಕ್ಕೆ ಕಾರಣವಾದ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್, ಬಿಸಿಲಿಗೆ ಮಾಸುವುದಿಲ್ಲ, ಸುಣ್ಣಕ್ಕೂ ಕೆಡುವುದಿಲ್ಲ. ಮಣ್ಣನ್ನು ಬಕೆಟ್ಟಿನ ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿಯುವಷ್ಟು ಹೊತ್ತು ಬಿಟ್ಟು, ಮೇಲಿನ ಕೆಂಪು ನೀರನ್ನಷ್ಟೇ ಇನ್ನೊಂದು ಪಾತ್ರೆಗೆ ಬಸಿಯಬೇಕು. ಆ ನೀರಿನ ಗಸಿ ಕುಳಿತ ಮೇಲೆ ಅದನ್ನು ಒಣಗಿಸಿದರೆ ಬೆರಳಿಗೆ ಹಿಟ್ಟಿನ ಹಾಗೆ ಅಂಟುವ ಪುಡಿ ದೊರೆಯುತ್ತದೆ. ತೊಳೆಯುವುದನ್ನು ಮತ್ತೆ ಮತ್ತೆ ಮಾಡಿದಷ್ಟೂ ಒಳ್ಳೆಯದು, ಏಕೆಂದರೆ ಉಳಿದುಹೋದ ಒಂದು ಮರಳಿನ ಕಣ ಬ್ರಷ್ಷಿನಡಿಯಲ್ಲಿ ಸಿಕ್ಕರೂ ನಯವಾದ ಪದರದಲ್ಲಿ ಗೀರು ಬೀಳುತ್ತದೆ.

ಅರೆಯುವ ಹಂತದಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ದಪ್ಪ ಗಾಜಿನ ಹಲಗೆಯ ಮೇಲೆ ಪುಡಿಯ ನಡುವೆ ಗುಳಿ ಮಾಡಿ, ಎಣ್ಣೆಯನ್ನು ಹನಿಹನಿಯಾಗಿ ಸೇರಿಸುತ್ತಾ, ಪ್ಯಾಲೆಟ್ ನೈಫಿನಿಂದ ಕಲಸಿ, ಆಮೇಲೆ ಗಾಜಿನ ಮಲ್ಲರಿನಿಂದ, ಅಂದರೆ ಬಣ್ಣ ಅರೆಯುವ ಚಪ್ಪಟೆ ತಳದ ಗುಂಡಿನಿಂದ, ಎಂಟರ ಆಕಾರದಲ್ಲಿ ಉಜ್ಜುತ್ತೇನೆ. ಮೊದಮೊದಲು ಮಲ್ಲರಿನಡಿಯಲ್ಲಿ ಕರಕರ ಸದ್ದು ಕೇಳುತ್ತದೆ, ಬಣ್ಣವೂ ಹಳೆಯ ಇಟ್ಟಿಗೆಗಿಂತ ಗಾಢವಾಗಿ ನೇರಳೆಯ ಕಡೆಗೆ ವಾಲಿರುತ್ತದೆ. ಉಜ್ಜುತ್ತಾ ಹೋದಂತೆ ಸದ್ದು ಅಡಗಿ ಬಣ್ಣ ನಿಧಾನವಾಗಿ ಬೆಚ್ಚಗಾಗುತ್ತದೆ. ಹೆಮಟೈಟಿನ ಕಣ ದೊಡ್ಡದಿದ್ದರೆ ನೇರಳೆ ಛಾಯೆ, ಚಿಕ್ಕದಾದರೆ ಕಿತ್ತಳೆಗೆ ಹತ್ತಿರದ ಕೆಂಪು. ಈ ವ್ಯತ್ಯಾಸ ಬಣ್ಣವನ್ನು ಹಾಗೆಯೇ ಬಳಿದಾಗ ಅಷ್ಟಾಗಿ ತಿಳಿಯದಿದ್ದರೂ, ಸ್ವಲ್ಪ ಬಿಳಿ ಬೆರೆಸಿದ ಕೂಡಲೇ ಎದ್ದು ಕಾಣುತ್ತದೆ: ಒರಟಾಗಿ ಅರೆದದ್ದು ತಣ್ಣನೆಯ ಗುಲಾಬಿಯಾಗುತ್ತದೆ, ನುಣ್ಣಗೆ ಅರೆದದ್ದು ಮಾಂಸದ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಒಂದೇ ಮಣ್ಣನ್ನು ಎರಡು ಹದದಲ್ಲಿ ಅರೆದು ಎರಡು ಡಬ್ಬಿಗಳಲ್ಲಿ ಇಟ್ಟುಕೊಂಡಿದ್ದೇನೆ. ಗ್ರಾನೈಟಿನ ನೆರಳಿಗೆ ತಣ್ಣನೆಯದು, ಬಿಸಿಲು ಬಿದ್ದ ಮುಖಕ್ಕೆ ಬೆಚ್ಚನೆಯದು. ಅಂಗಡಿಯ ಟ್ಯೂಬಿನಿಂದ ಈ ಅನುಕೂಲ ಸಿಗುತ್ತಿರಲಿಲ್ಲ, ಮತ್ತು ಇಷ್ಟೆಲ್ಲ ಶ್ರಮಕ್ಕೆ ಇದೊಂದೇ ಕಾರಣ ಸಾಕೆಂದು ನನಗೆ ಅನ್ನಿಸುತ್ತದೆ.

ಹಳದಿ ಮಣ್ಣನ್ನು ಕಬ್ಬಿಣದ ಹೆಂಚಿನ ಮೇಲೆ ಹುರಿದು ಸುಟ್ಟ ಕಂದನ್ನು ಪಡೆದೆ. ಹಳದಿಗೆ ಕಾರಣವಾದ ಗೋಥೈಟ್ ಎಂಬ ಖನಿಜ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತನ್ನೊಳಗಿನ ನೀರಿನಂಶವನ್ನು ಕಳೆದುಕೊಂಡು ಹೆಮಟೈಟ್ ಆಗುತ್ತದೆ. ಹೆಂಚಿನ ಅಂಚಿನಲ್ಲಿದ್ದ ಪುಡಿ ಇನ್ನೂ ಹಳದಿಯಾಗಿರುವಾಗಲೇ ನಡುವಿನದು ಕೆಂಪಾಗುತ್ತಾ ಬರುವುದನ್ನು ನೋಡುವುದೇ ಒಂದು ಸಂತೋಷ. ಹೀಗೆ ಹುರಿದ ಬಣ್ಣ ಎಣ್ಣೆಯಲ್ಲಿ ಅರೆದಾಗ ಸಂಡೂರಿನ ಕೆಂಪಿಗಿಂತ ಬಹಳ ಪಾರದರ್ಶಕವಾಗಿರುತ್ತದೆ. ಸಂಡೂರಿನದು ಅಡಿಯ ಪದರವನ್ನು ಪೂರ್ತಿ ಮುಚ್ಚಿಬಿಡುವುದರಿಂದ ಗ್ಲೇಜ್ ಕೆಲಸಕ್ಕೆ, ಅಂದರೆ ಅಡಿಯ ಬಣ್ಣ ಕಾಣುವಂತೆ ಮೇಲೆ ತೆಳು ಪದರ ಬಳಿಯುವುದಕ್ಕೆ, ಒದಗುವುದಿಲ್ಲ. ಅದನ್ನು ಅಡಿಪದರಕ್ಕೂ ದಪ್ಪ ಹೊಡೆತಗಳಿಗೂ ಇಟ್ಟುಕೊಂಡು, ಗ್ಲೇಜಿಗೆ ಹುರಿದ ಮಣ್ಣನ್ನೇ ಬಳಸಲು ನಿರ್ಧರಿಸಿದ್ದೇನೆ.

ಇನ್ನು ಎಣ್ಣೆಯ ಮಾತು. ನಮ್ಮ ಎರೆಭೂಮಿಯಲ್ಲಿ ಹಿಂಗಾರಿಗೆ ಬೆಳೆಯುವ ಅಗಸೆ ಮತ್ತು ಕುಸುಬೆ ಎರಡೂ ಚಿತ್ರಕಾರನಿಗೆ ಬೇಕಾದ ಎಣ್ಣೆಗಳೇ. ಗಾಣದವರು “ಅಡಿಗೀಗೆ ಕುಸುಬಿ ಸಾಕಲ್ರೀ ಅಕ್ಕಾರ, ಅಗಸಿ ಎಣ್ಣಿ ಯಾಕ್ರೀ?” ಎಂದು ಕೇಳಿದಾಗ ಬಣ್ಣ ಅರೆಯುವುದಕ್ಕೆ ಎಂದೆ, ಅವರು ಹೊಸದಾಗಿ ಆಡಿಸಿದ್ದನ್ನೇ ಕೊಟ್ಟರು. ಅಗಸೆ ಎಣ್ಣೆ ಒಣಗುವುದೆಂದರೆ ನೀರಿನಂತೆ ಆವಿಯಾಗಿ ಆರಿಹೋಗುವುದಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾದ ಪೊರೆಯಾಗುತ್ತದೆ. ಅದು ಬೇಗ ಒಣಗಿ ಬಲವಾದ ಪದರವನ್ನು ಕೊಡುತ್ತದೆ, ಆದರೆ ಕಾಲಕ್ರಮೇಣ ಹಳದಿಯಾಗುತ್ತದೆ. ಕುಸುಬೆ ನಿಧಾನವಾಗಿ ಒಣಗಿದರೂ ಅಷ್ಟು ಹಳದಿಯಾಗದ ಕಾರಣ ಬಿಳಿಯನ್ನು ಅದರಲ್ಲೇ ಅರೆದೆ. ಗಾಣದ ಅಗಸೆ ಎಣ್ಣೆಯನ್ನು ನೀರಿನೊಂದಿಗೆ ಚೆನ್ನಾಗಿ ಕುಲುಕಿ, ಲೋಳೆ ತಳಕ್ಕೆ ಕುಳಿತ ಮೇಲೆ ಮೇಲಿನ ತಿಳಿಯನ್ನು ಬೇರ್ಪಡಿಸಿ, ಗಾಜಿನ ಸೀಸೆಯಲ್ಲಿ ಬಿಸಿಲಿಗಿಟ್ಟೆ. ಬಳ್ಳಾರಿಯ ಬಿಸಿಲು ಅದನ್ನು ಚೆನ್ನಾಗಿಯೇ ತಿಳಿಯಾಗಿಸಿದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಒಣಗುವಾಗ ಹುಟ್ಟುವ ಶಾಖ ಹೊರಹೋಗಲಾರದೆ ತಾನೇ ಹೊತ್ತಿಕೊಳ್ಳಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಅಪಾಯ ಇನ್ನೂ ಹೆಚ್ಚು. ನಾನು ಅಂಥ ಬಟ್ಟೆಗಳನ್ನು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡುತ್ತೇನೆ. ಒಣ ಪುಡಿಯನ್ನು ಮುಟ್ಟುವಾಗ ಮಾಸ್ಕ್ ಕಡ್ಡಾಯ.

ಕ್ಯಾನ್ವಾಸಿನ ಮೇಲೆ ಮೊದಲು ಸಂಡೂರಿನ ಕೆಂಪನ್ನು ಟರ್ಪೆಂಟೈನಿನಲ್ಲಿ ತೆಳುವಾಗಿ ಕದಡಿ ಇಡೀ ಮೇಲ್ಮೈಗೆ ಬಳಿದೆ. ಅದರ ಮೇಲೆ ಗುಡ್ಡದ ಬಂಡೆಗಳನ್ನು ಅಲ್ಟ್ರಾಮರೀನ್ ಮತ್ತು ತಣ್ಣನೆಯ ಕೆಂಪಿನ ಬೆರಕೆಯಿಂದ ಹುಟ್ಟುವ ಬೂದುಬಣ್ಣದಲ್ಲಿ ಕಟ್ಟಿದ್ದೇನೆ. ಈ ಬೂದು ಕಪ್ಪು ಬಿಳಿ ಬೆರೆಸಿದ ಬೂದಿನ ಹಾಗೆ ಸತ್ತಂತಿರುವುದಿಲ್ಲ. ಕೆಂಪು ಒಂದಿಷ್ಟು ಹೆಚ್ಚಾದರೆ ಬಂಡೆ ಮುಂದೆ ಬರುತ್ತದೆ, ನೀಲಿ ಹೆಚ್ಚಾದರೆ ಹಿಂದೆ ಸರಿಯುತ್ತದೆ. ಬಂಡೆಗಳ ಸಂದುಗಳಲ್ಲಿ ಅಡಿಯ ಕೆಂಪನ್ನು ಹಾಗೆಯೇ ಬಿಟ್ಟಿರುವುದರಿಂದ ಸಂಜೆಯ ಶಾಖ ಕಲ್ಲಿನೊಳಗಿನಿಂದಲೇ ಬಂದಂತೆ ಕಾಣುತ್ತಿದೆ. ಕೋಟೆಯ ಗೋಡೆಯ ಸಾಲನ್ನು ಇನ್ನೂ ಸೂಚಿಸಿದ್ದೇನೆ ಅಷ್ಟೆ.

ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲಕ್ಕೆ ಹೋದಂತೆ ಹೆಚ್ಚು ಎಂಬ ನಿಯಮವನ್ನು ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸಲೇಬೇಕು, ಏಕೆಂದರೆ ಅಡಿಪದರ ಇನ್ನೂ ಒಣಗುತ್ತಿರುವಾಗ ಮೇಲಿನದು ಮೊದಲೇ ಗಟ್ಟಿಯಾದರೆ ಬಿರುಕು ಬಿಡುತ್ತದೆ. ಸೆಕೆಯಲ್ಲಿ ದಪ್ಪ ಬಣ್ಣದ ಮೇಲ್ಮೈ ಬೇಗ ಪೊರೆ ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುವುದರಿಂದ, ದಪ್ಪ ಹೊಡೆತಗಳನ್ನು ಬಿಸಿಲು ಬಿದ್ದ ನೆತ್ತಿಯ ಬಂಡೆಗಳಿಗಷ್ಟೇ ಮೀಸಲಿಟ್ಟಿದ್ದೇನೆ.

ಮುಂದಿನ ಕೆಲಸ ನೆರಳಿನ ಬದಿಗೆ ಹುರಿದ ಮಣ್ಣಿನ ಗ್ಲೇಜ್, ಆಮೇಲೆ ಕೋಟೆಯ ಗೋಡೆ. ವಾರ್ನಿಶ್ ಹಚ್ಚುವುದು ಕನಿಷ್ಠ ಆರು ತಿಂಗಳ ನಂತರ. ಆ ಬಿಡುವಿನಲ್ಲಿ ಕೊಪ್ಪಳದ ಕಿನ್ನಾಳ ಕಲೆಯವರು, ಅಂದರೆ ಬಣ್ಣದ ಮರದ ಗೊಂಬೆ ಮಾಡುವವರು, ಬಳಸುವ ಹುಣಸೆಬೀಜದ ಅಂಟನ್ನು ಸೀಮೆಸುಣ್ಣದ ಪುಡಿಯೊಂದಿಗೆ ಕಲಸಿ, ಮರದ ಹಲಗೆಗೆ ಅಡಿಲೇಪವಾಗಿ ಬಳಿದು, ಅದರ ಮೇಲೆ ಇದೇ ಬಣ್ಣಗಳು ಹೇಗೆ ಕೂರುತ್ತವೆ ಎಂಬುದನ್ನು ನೋಡುವವಳಿದ್ದೇನೆ.